ಲೋಡ್ ಕಟ್ಟಿದ ಕೂಡಲೇ ಆಸಿಲೇಟರ್ ನಿಲ್ಲುತ್ತದೆ, ಯಾಕೆ?

ಪ್ರಶ್ನೆ: 2ಎನ್2222 ಟ್ರಾನ್ಸಿಸ್ಟರ್ ಹಾಕಿ 7 ಮೆಗಾಹರ್ಟ್ಸ್ ಕಾಲ್ಪಿಟ್ಸ್ ಆಸಿಲೇಟರ್ (ತಾನೇ ಅಲೆ ಹುಟ್ಟಿಸುವ ಸರ್ಕ್ಯೂಟ್) ಕಟ್ಟಿದ್ದೇನೆ, 9 ವೋಲ್ಟ್ ಬ್ಯಾಟರಿ. ಲೋಡ್ ಆಗಿ 50 ಓಮ್ ರೆಸಿಸ್ಟರ್ ಜೋಡಿಸಿದ ತಕ್ಷಣ ನಿಂತುಹೋಗುತ್ತದೆ. ಆಸಿಲೋಸ್ಕೋಪಿನ ಪ್ರೋಬ್ ಮುಟ್ಟಿಸಿದರೂ ಫ್ರೀಕ್ವೆನ್ಸಿ ಜಾರುತ್ತದೆ. ರೇಡಿಯೊದಲ್ಲಿ 14, 21 ಮೆಗಾಹರ್ಟ್ಸ್‌ನಲ್ಲೂ ಸಿಗ್ನಲ್ ಕೇಳುತ್ತದೆ. ಫಿಲ್ಟರ್ ಹಾಕಿದರೆ ಸರಿಹೋದೀತೆ?
– ಓದುಗರು, ಸಿಂಧನೂರು

ಉತ್ತರ: ಫಿಲ್ಟರ್ ಒಂದರಿಂದಲೇ ಆಗದು. ಮೊದಲು ಬಫರ್ (ಲೋಡಿನ ಹೊರೆ ಆಸಿಲೇಟರ್‌ಗೆ ತಟ್ಟದಂತೆ ನಡುವೆ ನಿಲ್ಲುವ ಹಂತ), ಆಮೇಲೆ ಫಿಲ್ಟರ್. ಈ ಕ್ರಮ ತಪ್ಪಬೇಡಿ.

ನೀವು ಏನು ಮುಟ್ಟಿಸಿದರೂ ಅದು ಕಾಯಿಲ್-ಕೆಪಾಸಿಟರ್ ಜೋಡಿಯ ಭಾಗವಾಗಿಬಿಡುತ್ತದೆ. 10ಎಕ್ಸ್ ಪ್ರೋಬ್ ಕೂಡ ಹತ್ತು-ಹದಿನೈದು ಪಿಕೊಫ್ಯಾರಡ್ ಸೇರಿಸುತ್ತದೆ. ಇನ್ನು 50 ಓಮ್ ಎಂದರೆ ಶಕ್ತಿಯನ್ನೆಲ್ಲ ಹೀರಿಬಿಡುತ್ತದೆ, ಆಸಿಲೇಟರ್ ನಡೆಯುವುದಾದರೂ ಹೇಗೆ?

ಬಫರ್ ಆಗಿ ಎಮಿಟರ್ ಫಾಲೋವರ್ (ಎಮಿಟರ್‌ನಿಂದ ಸಿಗ್ನಲ್ ತೆಗೆಯುವ ಟ್ರಾನ್ಸಿಸ್ಟರ್ ಹಂತ) ಹಾಕಿದರೆ ಮುಗಿಯಿತು ಎಂದು ಬಹಳ ಜನ ಹೇಳುತ್ತಾರೆ. ಇಲ್ಲೇ ಎಡವುವುದು. ಪುಸ್ತಕದಲ್ಲಿ ಬೀಟಾ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಂಕಿ) 200 ಎಂದಿರುತ್ತದೆ, ಆದರೆ 2ಎನ್2222ರ ಎಫ್‌ಟಿ (ಬೀಟಾ ಒಂದಕ್ಕೆ ಇಳಿಯುವ ಫ್ರೀಕ್ವೆನ್ಸಿ) ಸುಮಾರು 300 ಮೆಗಾಹರ್ಟ್ಸ್. 7ರಿಂದ ಭಾಗಿಸಿ: ನಿಮಗೆ ನಿಜವಾಗಿ ಸಿಗುವ ಬೀಟಾ 43 ಅಷ್ಟೇ. ಎಮಿಟರ್‌ನಲ್ಲಿ ನೂರು ಓಮ್ ಲೋಡ್ ಇದ್ದರೆ ಆಸಿಲೇಟರ್‌ಗೆ ಅದು ನಾಲ್ಕು ಕಿಲೋಓಮ್ ಆಗಿ ಕಾಣುತ್ತದೆ. ಹಾಗಾಗಿ ಮೊದಲಿಗೆ ಬಿಎಫ್245ರಂಥ ಒಂದು ಜೆಫೆಟ್ (ಗೇಟ್ ಬಹುತೇಕ ಕರೆಂಟನ್ನೇ ಎಳೆಯದ ಟ್ರಾನ್ಸಿಸ್ಟರ್) ಫಾಲೋವರ್ ಇಡಿ, ಗೇಟ್‌ನಿಂದ ನೆಲಕ್ಕೆ 1 ಮೆಗಾಓಮ್. ಆಸಿಲೇಟರ್‌ನಿಂದ ಅದಕ್ಕೆ 10 ಪಿಕೊಫ್ಯಾರಡ್ ಸಾಕು, ದೊಡ್ಡದು ಬೇಡ. ಜೆಫೆಟ್ ಆದ ಮೇಲೆ 470 ಓಮ್ ಎಮಿಟರ್ ರೆಸಿಸ್ಟರಿನ 2ಎನ್2222. ಬೇಸ್ 4.5 ವೋಲ್ಟ್ ಇದ್ದರೆ ಕರೆಂಟ್ 8 ಮಿಲಿಆಂಪ್. ಅಲೆ ಕೆಳಗಡೆ ಸುಮಾರು 0.6 ವೋಲ್ಟ್ ದಾಟಿದರೆ ಬಫರೇ ತುದಿ ಕತ್ತರಿಸಿ ಹೊಸ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಸಿಗ್ನಲ್; ನಿಮಗೆ ಕೇಳಿದ 14, 21 ಇಂಥವೇ) ಹುಟ್ಟಿಸುತ್ತದೆ. ಡ್ರೈವ್ ಕಡಿಮೆ ಇಡಿ.

ಆಮೇಲೆ ಡಿಸಿ ತಡೆಯುವ 0.1 ಮೈಕ್ರೊಫ್ಯಾರಡ್, 47 ಓಮ್ ಸರಣಿಯಲ್ಲಿ, ಬಳಿಕ ಹಾರ್ಮೋನಿಕ್ ತಡೆಯುವ ಲೋ ಪಾಸ್ ಫಿಲ್ಟರ್. ಇದು ಎರಡು ಕಡೆಗೂ 50 ಓಮ್ ಬೇಡುತ್ತದೆ, ಆ 47 ಓಮ್ ಅದಕ್ಕೇ. ನೆಲಕ್ಕೆ ಮೂರು ಕೆಪಾಸಿಟರ್: ಮೊದಲು 470, ನಡುವೆ 1000, ಕೊನೆಗೆ ಮತ್ತೆ 470 ಪಿಕೊಫ್ಯಾರಡ್. ಅವುಗಳ ಮಧ್ಯೆ 1.1 ಮೈಕ್ರೊಹೆನ್ರಿಯ ಎರಡು ಕಾಯಿಲ್. ಟಿ50-2 ಕೆಂಪು ಟೊರಾಯ್ಡ್ (ಉಂಗುರದಂಥ ಕೋರ್) ಮೇಲೆ ತಲಾ 15 ಸುತ್ತು. ರಿಂಗಿನೊಳಗೆ ತಂತಿ ಒಮ್ಮೆ ಹಾದರೆ ಅದೇ ಒಂದು ಸುತ್ತು, ಎಣಿಕೆ ತಪ್ಪಬೇಡಿ.

ಟ್ಯೂನ್ಡ್ ಸರ್ಕ್ಯೂಟಿಗೆ ಎನ್‌ಪಿಒ (ಬಿಸಿಗೆ ಬೆಲೆ ಬಹುತೇಕ ಬದಲಾಗದ) ಕೆಪಾಸಿಟರ್ ಮಾತ್ರ ಹಾಕಿ. ನಮ್ಮ ರಾಯಚೂರು ಸೀಮೆಯ ಏಪ್ರಿಲ್ ಬಿಸಿಲಿಗೆ ಸಾಮಾನ್ಯ ಸೆರಾಮಿಕ್ ಡಿಸ್ಕ್ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಫ್ರೀಕ್ವೆನ್ಸಿ ಕೊಡುತ್ತದೆ. ಅಮೆಚೂರ್ ಲೈಸೆನ್ಸ್ ಕೈಗೆ ಬರುವವರೆಗೆ ಆಂಟೆನಾ ಕಟ್ಟಬೇಡಿ, 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಕಟ್ಟುವ ರೆಸಿಸ್ಟರ್) ಮೇಲೆಯೇ ಕಲಿಯಿರಿ.

ಪರೀಕ್ಷೆಗೆ ಬಿಎಫ್ಒ (ಸಿಗ್ನಲ್ಲನ್ನು ಶಿಳ್ಳೆಯಾಗಿ ಕೇಳಿಸುವ ಒಳ ಆಸಿಲೇಟರ್) ಇರುವ ರೇಡಿಯೊದಲ್ಲಿ ಸಿಗ್ನಲ್ಲಿನ ಶಿಳ್ಳೆ ಕೇಳುತ್ತಾ ಲೋಡ್ ತೆಗೆದು ಹಾಕಿ ನೋಡಿ. ಶಿಳ್ಳೆಯ ಸ್ವರ ಅಲುಗದಿದ್ದರೆ ಬಫರ್ ಸರಿಯಾಗಿ ಕೂತಿದೆ.