ನಿಮ್ಮ ಲೇಖನದಲ್ಲಿ ಅಚ್ಚುಕೂಟ ಕಾಣಿಸುತ್ತಿಲ್ಲ

ಆತ್ಮೀಯರೆ,

ನಮಸ್ಕಾರ. ನೀವು ಕಳಿಸಿದ ‘ಹುಟ್ಟು, ಮದುವೆ, ಸಾವು’ ಲೇಖನವನ್ನು ಪೂರ್ತಿ ಓದಿದೆ. ಒಹಾಯೊದಲ್ಲಿ ಇದ್ದುಕೊಂಡು, ಹತ್ತೊಂಬತ್ತನೇ ಶತಮಾನದ ಅಮೆರಿಕದ ಹಳ್ಳಿಗಾಡಿನ ವಾರಪತ್ರಿಕೆಗಳನ್ನು ಹುಡುಕಿ ಓದಿ, ಕನ್ನಡದಲ್ಲಿ ಬರೆದಿದ್ದೀರಿ. ಇಂಥ ವಿಷಯ ನಮ್ಮ ಕೈಗೆ ಬರುವುದು ಅಪರೂಪ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನೀವು ನಲವತ್ತಕ್ಕೂ ಹೆಚ್ಚು ಪ್ರಕಟಣೆಗಳನ್ನು ಒಂದರ ಹಿಂದೆ ಒಂದು ಕೊಟ್ಟಿದ್ದೀರಿ. ಒಂದು ಓದಿದರೆ ನಗು ಬರುತ್ತದೆ, ಇನ್ನೊಂದು ಓದಿದರೆ ಕರುಳು ಚುರುಕ್ ಎನ್ನುತ್ತದೆ. ಆದರೆ ಆ ಸಾಲುಗಳು ಪತ್ರಿಕೆಗೆ ಬಂದದ್ದು ಹೇಗೆ? ಯಾರು ತಂದು ಕೊಟ್ಟರು, ಯಾರು ಅಚ್ಚಿನ ಮೊಳೆ ಜೋಡಿಸಿದರು, ಯಾರ ಸುದ್ದಿಗೆ ಜಾಗವೇ ಸಿಗಲಿಲ್ಲ? ಇದರ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಇದನ್ನು ಬಿಟ್ಟಿದ್ದರಿಂದಲೇ ತಪ್ಪುಗಳೂ ನುಸುಳಿವೆ.

ಮೊದಲು ತಾರೀಕಿನ ವಿಷಯ. ಮೂರನೇ ಪುಟದಲ್ಲಿ ಒಬ್ಬ ಹೆಂಗಸಿನ ಸಾವಿನ ಸುದ್ದಿ ಇದೆ. ‘ಕಳೆದ ಭಾನುವಾರ’ ಎಂದಿದೆ. ನೀವು ಪತ್ರಿಕೆಯ ತಾರೀಕು ನೋಡಿ, ಅದರ ಹಿಂದಿನ ಭಾನುವಾರವನ್ನು ಸಾವಿನ ದಿನ ಎಂದು ಬರೆದಿದ್ದೀರಿ. ಆದರೆ ಆ ಸುದ್ದಿ ಬೇರೆ ಪತ್ರಿಕೆಯಿಂದ ತೆಗೆದದ್ದು ಎಂದು ಕೊನೆಯಲ್ಲೇ ಇದೆಯಲ್ಲ. 1792ರ ಅಂಚೆ ಕಾನೂನು ಒಬ್ಬ ಸಂಪಾದಕ ಇನ್ನೊಬ್ಬ ಸಂಪಾದಕನಿಗೆ ಪತ್ರಿಕೆಯನ್ನು ಪುಕ್ಕಟೆ ಕಳಿಸಬಹುದು ಎಂದು ಹೇಳಿತ್ತು. ಹಾಗಾಗಿ ಎಷ್ಟು ಸಣ್ಣ ಊರಿನ ಸಂಪಾದಕನ ಮೇಜಿನ ಮೇಲೂ ಬೇರೆ ಊರಿನ ಪತ್ರಿಕೆಗಳ ರಾಶಿ ಇರುತ್ತಿತ್ತು. ಬೇಕಾದ್ದನ್ನು ಕತ್ತರಿಸಿ, ಇದ್ದ ಹಾಗೇ ಮತ್ತೆ ಮೊಳೆ ಜೋಡಿಸುತ್ತಿದ್ದರು. ಅಂದರೆ ಆ ‘ಕಳೆದ ಭಾನುವಾರ’ ಮೊದಲ ಪತ್ರಿಕೆಯ ಲೆಕ್ಕದ್ದು. ಒಂದು ವಾರವೋ ಎರಡು ವಾರವೋ, ಇನ್ನೂ ಜಾಸ್ತಿಯೋ ಹಿಂದಿನದು. ಮೂಲ ಪತ್ರಿಕೆ ಹುಡುಕಿ ನೋಡಿ. ಸಿಗದಿದ್ದರೆ ತಾರೀಕು ಹಾಕಬೇಡಿ.

ಇದೇ ವ್ಯವಸ್ಥೆಯಿಂದ ಬಂದದ್ದು ನೀವು ‘ವಿಚಿತ್ರ ವಿನಂತಿ’ ಎಂದು ಕರೆದ ಆ ಸಾಲು: ‘ಒಹಾಯೊ ಪತ್ರಿಕೆಗಳು ದಯವಿಟ್ಟು ಇದನ್ನು ಹಾಕಿಕೊಳ್ಳಿ.’ ಅದರಲ್ಲಿ ವಿಚಿತ್ರ ಏನೂ ಇಲ್ಲ. ಒಹಾಯೊ ಬಿಟ್ಟು ಅಯೋವಾಗೋ ಕಾನ್ಸಾಸ್‌ಗೋ ಹೋಗಿ ನೆಲೆಸಿದ ಮನೆಯವರು. ಅಲ್ಲಿ ಒಬ್ಬರು ತೀರಿಕೊಂಡರು. ಹಿಂದೆ ಉಳಿದ ನೆಂಟರಿಗೆಲ್ಲ ಒಂದೊಂದು ಕಾಗದ ಬರೆಯುವುದು ಕಷ್ಟ. ಪತ್ರಿಕೆಗಳೇ ಆ ಸುದ್ದಿಯನ್ನು ಹಳೇ ಊರಿಗೆ ಮುಟ್ಟಿಸುತ್ತಿದ್ದವು. ಆ ಒಂದು ಸಾಲಿನಲ್ಲಿ ಒಂದು ಸಂಸಾರ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದೇ ಸಿಗುತ್ತದೆ. ನೀವು ಹುಡುಕಿದ್ದರಲ್ಲೇ ಒಳ್ಳೆಯದು ಇದು. ಇದಕ್ಕೆ ಒಂದು ಪುಟ ಕೊಡಿ.

ವಯಸ್ಸಿನ ಲೆಕ್ಕವನ್ನೂ ಸರಿ ಮಾಡಬೇಕು. 1856ರ ಮಾರ್ಚ್ 14ರಂದು ತೀರಿಕೊಂಡವರ ವಯಸ್ಸು ‘31 ವರ್ಷ, 4 ತಿಂಗಳು, 9 ದಿನ’ ಎಂದು ಕೊಟ್ಟಿದ್ದಾರೆ. ನೀವು 1856ರಲ್ಲಿ 31 ಕಳೆದು, ಹುಟ್ಟಿದ್ದು 1825 ಎಂದು ಬರೆದಿರಿ. ವರ್ಷ ಕಳೆದರೆ 1825ರ ಮಾರ್ಚ್ 14. ನಾಲ್ಕು ತಿಂಗಳು ಹಿಂದಕ್ಕೆ ಹೋದರೆ 1824ರ ನವೆಂಬರ್ 14. ಇನ್ನೂ ಒಂಬತ್ತು ದಿನ ಹಿಂದಕ್ಕೆ, 1824ರ ನವೆಂಬರ್ 5. ಆಗಿನ ಸಮಾಧಿ ಕಲ್ಲುಗಳ ಮೇಲೂ ವಯಸ್ಸನ್ನು ಹೀಗೇ ಕೆತ್ತುತ್ತಿದ್ದರು. ಕಲ್ಲು ಉಳಿದಿದ್ದರೆ ತಾಳೆ ನೋಡಿ.

ಇಷ್ಟು ಹಠ ಯಾಕೆ ಅಂತ ನಿಮಗೆ ಅನ್ನಿಸಬಹುದು. ಆ ಕಾಲದಲ್ಲಿ ಬೇರೆ ದಾಖಲೆ ಬಹಳ ಕಡಿಮೆ, ಅದಕ್ಕೆ. ಮದುವೆಯಾದರೆ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯಲ್ಲಿ ಸಾಮಾನ್ಯವಾಗಿ ಬರೆದುಕೊಳ್ಳುತ್ತಿದ್ದರು. ಹುಟ್ಟು, ಸಾವಿಗೆ ಬಹಳ ಕಡೆ ಆ ಏರ್ಪಾಡೂ ಇರಲಿಲ್ಲ. ಮ್ಯಾಸಚೂಸೆಟ್ಸ್ 1840ರ ದಶಕದ ಶುರುವಿನಲ್ಲೇ ರಾಜ್ಯಕ್ಕೆಲ್ಲ ಒಂದೇ ನೋಂದಣಿ ತಂದಿತು. ದೇಶದ ಎಲ್ಲ ರಾಜ್ಯಗಳೂ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯೊಳಗೆ ಬಂದದ್ದು 1933ರಲ್ಲಿ. ಜನಗಣತಿ ನೋಡೋಣ ಅಂದರೆ, ಮನೆಯೊಳಗಿನ ಸ್ವತಂತ್ರ ಜನರೆಲ್ಲರ ಹೆಸರು ಬರೆಯಲು ಶುರು ಮಾಡಿದ್ದು 1850ರಲ್ಲಿ. 1890ರ ಜನಗಣತಿಯ ಕಾಗದಗಳಲ್ಲಿ ಬಹುಪಾಲು, 1921ರಲ್ಲಿ ವಾಷಿಂಗ್ಟನ್‌ನ ಸರ್ಕಾರಿ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ ಇಲ್ಲವಾದವು. ಈಗ ನೀವು ಐದನೇ ಪುಟದಲ್ಲಿ ಕೊಟ್ಟಿರುವ ಆ ಮಗುವಿನ ಸುದ್ದಿ ಮತ್ತೆ ಓದಿ. 1880ರ ಎಣಿಕೆ ಮುಗಿದ ಮೇಲೆ ಹುಟ್ಟಿ, 1900ರ ಎಣಿಕೆಗೆ ಮುಂಚೆ ಡಿಫ್ತೀರಿಯಾದಿಂದ ತೀರಿಕೊಂಡ ಮಗು. ಅದು ಈ ಲೋಕದಲ್ಲಿ ಇತ್ತು ಅನ್ನುವುದಕ್ಕೆ ಪತ್ರಿಕೆಯ ಈ ಮೂರು ಸಾಲು ಬಿಟ್ಟರೆ ಬೇರೆ ಬರಹ ಇಲ್ಲದೆಯೂ ಇರಬಹುದು. ಅಂಥ ಸಾಲನ್ನು ‘ಎಂಥಾ ಕಾಲ ಅದು!’ ಎಂಬ ಉದ್ಗಾರದಲ್ಲಿ ಮುಗಿಸಿದ್ದೀರಿ. ನನಗೆ ನಿಜವಾಗಿ ಬೇಸರವಾಯಿತು.

ಶೀರ್ಷಿಕೆಯಲ್ಲಿ ‘ಹುಟ್ಟು’ ಮೊದಲು ಬಂದರೂ ಲೇಖನದಲ್ಲಿ ಹುಟ್ಟಿನ ಸುದ್ದಿ ಬೆರಳೆಣಿಕೆಯಷ್ಟಿದೆ. ಅದು ನಿಮ್ಮ ತಪ್ಪಲ್ಲ. ಆಗ ಮದುವೆ, ಸಾವನ್ನು ಹಾಕುತ್ತಿದ್ದರು, ಹುಟ್ಟನ್ನು ಹಾಕುತ್ತಿದ್ದದ್ದು ಕಡಿಮೆ. ಶತಮಾನದ ಕೊನೆಯ ದಶಕಗಳಲ್ಲಿ ಊರಿನ ಸುದ್ದಿಯ ಕಾಲಂನಲ್ಲಿ ಅದು ಜಾಸ್ತಿ ಕಾಣಿಸುತ್ತದೆ. ಆಗಲೂ ಇಂಥವರ ಮನೆಯಲ್ಲಿ ಹತ್ತು ಪೌಂಡಿನ ಗಂಡು ಮಗು, ಅಪ್ಪನಿಗೆ ಹಿಗ್ಗೋ ಹಿಗ್ಗು, ಅಷ್ಟೇ. ಮಗುವಿಗೆ ಹೆಸರಿಲ್ಲ. ಹೆತ್ತವಳು ‘ಇಂಥವರ ಹೆಂಡತಿ’. ಅವಳ ತವರಿನ ಹೆಸರು ಬೇಕಾದರೆ ಮದುವೆಯ ಸುದ್ದಿಗೇ ಹಿಂದಿರುಗಬೇಕು. ಅಲ್ಲಿ ಅವಳ ಹೆಸರೂ ಇರುತ್ತದೆ, ಎಷ್ಟೋ ಸಲ ಅಪ್ಪನ ಹೆಸರೂ ಇರುತ್ತದೆ. ಈ ಮೂರನ್ನೂ ಒಂದೇ ಹೆಂಗಸಿಗೆ ಜೋಡಿಸಿ ತೋರಿಸಿದ್ದರೆ ಲೇಖನದ ತೂಕವೇ ಬೇರೆ ಆಗುತ್ತಿತ್ತು. ನೀವು ಹುಟ್ಟಿಗೊಂದು, ಮದುವೆಗೊಂದು, ಸಾವಿಗೊಂದು ಎಂದು ಮೂರು ಡಬ್ಬಿ ಮಾಡಿ, ಸಂಸಾರಗಳನ್ನೇ ಒಡೆದುಬಿಟ್ಟಿದ್ದೀರಿ.

ಕೇಕಿನ ಪ್ರಸಂಗ ಇರಲಿ. ಮದುವೆಯ ಸುದ್ದಿಯ ಜೊತೆ ಅಚ್ಚುಕೂಟಕ್ಕೆ ಕೇಕ್ ಕಳಿಸುವುದು, ಸಂಪಾದಕ ಅದೇ ಸುದ್ದಿಯ ಕೆಳಗೆ ವಂದನೆ ಹೇಳುವುದು, ಇದೆಲ್ಲ ರೂಢಿಯಲ್ಲಿತ್ತು. ಆದರೆ ಅದನ್ನು ಬರೀ ತಮಾಷೆ ಮಾಡಬೇಡಿ. ಚಂದಾ ಹಣದ ಬದಲು ಸೌದೆ, ಜೋಳ ತಗೊಳ್ಳುತ್ತಿದ್ದ ಅಚ್ಚುಕೂಟಗಳು ಅವು. ಚಿಕ್ಕ ಪ್ರಕಟಣೆಗಳನ್ನು ಬಹಳ ಪತ್ರಿಕೆಗಳು ಪುಕ್ಕಟೆ ಹಾಕುತ್ತಿದ್ದವು. ಉದ್ದದ ಶ್ರದ್ಧಾಂಜಲಿ, ಪದ್ಯ ಬೇಕೆಂದರೆ ಸಾಲಿಗೆ ಇಷ್ಟು ಎಂದು ಕಾಸು ಕೇಳುವವರಿದ್ದರು. ಒಬ್ಬರ ಸಾವಿಗೆ ಒಂದು ಸಾಲು, ಇನ್ನೊಬ್ಬರದಕ್ಕೆ ಅರ್ಧ ಕಾಲಂ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಇದೆ, ಅಲ್ವಾ?

ಇನ್ನೊಂದು ಉತ್ತರ ವಿಸ್ಕಾನ್ಸಿನ್‌ನ ಬಾರಬೂ ಊರಿನಲ್ಲಿದೆ. 1861ರಲ್ಲಿ ಅಂತರ್ಯುದ್ಧಕ್ಕೆ ಕೆಲಸಗಾರರು ಹೋಗಿಬಿಟ್ಟಾಗ ಅಲ್ಲಿನ ಸಂಪಾದಕ ಆನ್ಸೆಲ್ ಕೆಲ್ಲಾಗ್ ಒಂದು ದಾರಿ ಹುಡುಕಿದ. ಒಂದು ಬದಿ ಮೊದಲೇ ಅಚ್ಚಾದ ಹಾಳೆಗಳನ್ನು ಮ್ಯಾಡಿಸನ್ ನಗರದಿಂದ ತರಿಸಿಕೊಂಡು, ಇನ್ನೊಂದು ಬದಿಯಲ್ಲಿ ಮಾತ್ರ ತನ್ನ ಊರಿನ ಸುದ್ದಿ ಅಚ್ಚು ಹಾಕಿದ. ಮುಂದೆ ಶಿಕಾಗೊದಲ್ಲಿ ಅದನ್ನೇ ದೊಡ್ಡ ವ್ಯಾಪಾರ ಮಾಡಿದ. ಸಾವಿರಾರು ಹಳ್ಳಿ ಪತ್ರಿಕೆಗಳು ಈ ದಾರಿ ಹಿಡಿದವು. ನೀವು ಓದಿದ 1870ರ ನಂತರದ ಸಂಚಿಕೆಗಳಲ್ಲಿ ಇಂಥವು ಇವೆಯೇ ನೋಡಿ. ಇದ್ದರೆ ನಾಲ್ಕು ಪುಟದಲ್ಲಿ ಊರಿನದು ಎರಡೇ ಪುಟ, ಊರಿನ ಸುದ್ದಿಯೆಲ್ಲ ಅಷ್ಟರಲ್ಲೇ ಹಿಡಿಯಬೇಕು.

ಯಾರ ಸುದ್ದಿ ಬರಲಿಲ್ಲ ಅನ್ನುವುದನ್ನು ಬರೆಯದೆ ಈ ಲೇಖನ ಪೂರ್ತಿ ಆಗುವುದಿಲ್ಲ. ದಕ್ಷಿಣದ ಪತ್ರಿಕೆಗಳಿಂದಲೂ ನೀವು ಆರೇಳು ಮದುವೆಗಳನ್ನು ಆರಿಸಿದ್ದೀರಿ. ಅದೇ ಊರುಗಳಲ್ಲಿ ಗುಲಾಮರಾಗಿದ್ದವರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. 1850, 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಮಾಲೀಕರ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇದೆ, ಹೆಸರಿಲ್ಲ. ಬಿಡುಗಡೆಯಾದ ಮೇಲೆ ಇವರು ಪತ್ರಿಕೆಗಳಲ್ಲಿ ಹುಡುಕಿದ್ದು ತಮ್ಮವರನ್ನು. ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ 1877ರಿಂದ ‘ಲಾಸ್ಟ್ ಫ್ರೆಂಡ್ಸ್’ ಎಂಬ ಕಾಲಂ ನಡೆಸಿತು. ಮಾರಾಟದಲ್ಲಿ ಕಳೆದುಹೋದ ತಾಯಿ, ತಮ್ಮ, ಮಗಳು ಎಲ್ಲಾದರೂ ಇದ್ದಾರೆಯೇ ಎಂದು ಕೇಳುವ ಕಾಗದಗಳು. ಚಂದಾದಾರರಿಗೆ ಪುಕ್ಕಟೆ, ಉಳಿದವರಿಗೆ 50 ಸೆಂಟ್. ಇವನ್ನು ಚರ್ಚಿನಲ್ಲಿ ಓದಿ ಹೇಳಿ ಎಂದು ಪಾದ್ರಿಗಳಿಗೂ ಕೋರಿಕೆ ಇರುತ್ತಿತ್ತು. ನಿಮ್ಮ ಮದುವೆ ಸುದ್ದಿಗಳ ಪಕ್ಕದಲ್ಲಿ ಇದು ಬರಲೇಬೇಕು.

ತೆಗೆಯಬೇಕಾದ್ದು: 1843ರ ‘ಮಂಗಳೂರ ಸಮಾಚಾರ’ದ ಪ್ಯಾರಾ. ಅದು ನಮ್ಮ ಹೆಮ್ಮೆಯ ಪತ್ರಿಕೆ, ನಿಜ. ಆದರೆ ಇಲ್ಲಿ ಅದಕ್ಕೆ ಕೆಲಸವಿಲ್ಲ, ಸುಮ್ನೆ ತಂದು ಕೂರಿಸಿದ್ದೀರಿ. ಸಾವಿನ ಬಗ್ಗೆ ಕೊನೆಗೆ ಬರೆದಿರುವ ತತ್ವದ ಅರ್ಧ ಪುಟವನ್ನೂ ತೆಗೆಯಿರಿ. ನಲವತ್ತು ಪ್ರಕಟಣೆ ಬೇಡ, ಎಂಟು ಸಾಕು. ಅವು ಒಂದೇ ಕೌಂಟಿಯವಾಗಿರಲಿ, ಎರಡು ಮೂರು ಮನೆತನದವಾಗಿದ್ದರೆ ಇನ್ನೂ ಒಳ್ಳೆಯದು. ಪ್ರತಿಯೊಂದಕ್ಕೂ ಪತ್ರಿಕೆಯ ಹೆಸರು, ತಾರೀಕು, ಪುಟ ಬರೆದಿಡಿ. ಕಂಪ್ಯೂಟರ್ ಓದಿಕೊಟ್ಟ ಪಠ್ಯವನ್ನು ನಂಬಬೇಡಿ. ಮಸುಕಾದ ಅಚ್ಚಿನಲ್ಲಿ 3 ಮತ್ತು 8 ಅದಲುಬದಲಾಗುತ್ತವೆ. ಪುಟದ ಚಿತ್ರವನ್ನೇ ದೊಡ್ಡದು ಮಾಡಿ ನೋಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕಾ’ ಸಂಗ್ರಹದಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ.

ಹೀಗೆ ತಿದ್ದಿ ಕಳಿಸಿದರೆ ಮತ್ತೆ ನಾನೇ ಓದುತ್ತೇನೆ. ಅವಸರ ಮಾಡಬೇಡಿ. ಮೂಲ ಪುಟಗಳ ಚಿತ್ರಗಳನ್ನೂ ಜೊತೆಗೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ