ಕಾನೂನು ಸಲಹೆ: ಗಂಡ ಬೇರೆಯಾದರೆ ಗ್ರೀನ್ ಕಾರ್ಡ್ ಹೋಗುತ್ತದೆಯೇ?

ಪ್ರಶ್ನೆ: ನನ್ನ ಗಂಡ ಅಮೆರಿಕದ ಪ್ರಜೆ. ಮದುವೆಯಾದ ಏಳು ತಿಂಗಳಿಗೆ ನ್ಯೂಜೆರ್ಸಿಗೆ ಬಂದೆ, ಎರಡು ವರ್ಷದ ಗ್ರೀನ್ ಕಾರ್ಡ್ ಸಿಕ್ಕಿತು. ಬಂದು ಹದಿನಾರು ತಿಂಗಳಾಯಿತು. ಎರಡು ತಿಂಗಳಿಂದ ಅವರು ಬೇರೆ ಮನೆ ಮಾಡಿಕೊಂಡಿದ್ದಾರೆ. ‘ಸ್ಪಾನ್ಸರ್‌ಶಿಪ್ ವಾಪಸ್ ತಗೊಂಡರೆ ನೀನು ಊರಿಗೆ ಹೊರಡಬೇಕು’ ಅನ್ನುತ್ತಾರೆ. ಭಾರತಕ್ಕೆ ಬಂದು ಡೈವೋರ್ಸ್ ಕೇಸು ಹಾಕು ಅಂತ ಅಪ್ಪ, ಅಮ್ಮ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಬೆದರಿಕೆಯ ಮಾತು. ಕಾರ್ಡ್ ಮಂಜೂರಾದ ಮೇಲೆ ಗಂಡ ಅರ್ಜಿಯನ್ನು ವಾಪಸ್ ಪಡೆಯಲು ಬರುವುದಿಲ್ಲ. ನಿಮ್ಮ ಜೀವನಾಧಾರಕ್ಕೆ ಹೊಣೆ ಎಂದು ಅವರು ಸಹಿ ಹಾಕಿದ ಐ-864 ಪತ್ರ ಡೈವೋರ್ಸ್ ಆದರೂ ಜಾರಿಯಲ್ಲಿರುತ್ತದೆ. ನೀವು ಪ್ರಜೆಯಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ನಿಮ್ಮ ಲೆಕ್ಕಕ್ಕೆ ಸೇರುವವರೆಗೆ ಆ ಹೊಣೆ ಅವರದೇ. ಹೆದರಬೇಡಿ.

ಆದರೆ ಕೈಕಟ್ಟಿ ಕೂರುವಂತೆಯೂ ಇಲ್ಲ. ಎರಡು ವರ್ಷದ ಕಾರ್ಡ್ ಷರತ್ತಿನ ಕಾರ್ಡ್. ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡ, ಹೆಂಡತಿ ಸೇರಿ ಐ-751 ಅರ್ಜಿ ಹಾಕಿ ಷರತ್ತು ತೆಗೆಸಬೇಕು. ಗಂಡ ಸಹಿ ಹಾಕದಿದ್ದರೆ ಅದೇ ಫಾರ್ಮಿನಲ್ಲಿ ವಿನಾಯಿತಿ ಕೇಳಿ ಒಬ್ಬರೇ ಹಾಕಬಹುದು. ಡೈವೋರ್ಸ್ ಡಿಕ್ರಿ ಕೈಯಲ್ಲಿದ್ದರೆ ಆ 90 ದಿನಕ್ಕೆ ಕಾಯಬೇಕಿಲ್ಲ. ಹೊಡೆತ ಅಥವಾ ಕ್ರೂರ ಹಿಂಸೆ ನಡೆದಿದ್ದರೆ ಡೈವೋರ್ಸ್ ಕೂಡ ಬೇಕಿಲ್ಲ, ಅದಕ್ಕೆ ಬೇರೆಯೇ ವಿನಾಯಿತಿ ಇದೆ. ಅಂಥ ಪರಿಸ್ಥಿತಿಯಿದ್ದರೆ ಅಮೆರಿಕದ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ.

ನಿಮ್ಮ ಮಟ್ಟಿಗೆ ಕಷ್ಟ ಇರುವುದು ದಿನಾಂಕಗಳಲ್ಲಿ. ಕಾರ್ಡಿಗೆ ಎಂಟು ತಿಂಗಳು ಉಳಿದಿದೆ. ಡೈವೋರ್ಸ್ ಕೇಸು ನಡೆಯುತ್ತಿರುವಾಗಲೂ ವಿನಾಯಿತಿ ಕೇಳಬಹುದು, ಆದರೆ ವಲಸೆ ಇಲಾಖೆ ಡಿಕ್ರಿ ಕೇಳಿ ಪತ್ರ ಬರೆಯುತ್ತದೆ. ಉತ್ತರಿಸಲು ಸಿಗುವುದು ಹೆಚ್ಚೆಂದರೆ ಹನ್ನೆರಡು ವಾರ. ಅಷ್ಟರಲ್ಲಿ ಡಿಕ್ರಿ ಬರದಿದ್ದರೆ ಅರ್ಜಿ ತಿರಸ್ಕೃತವಾಗಿ ವಿಷಯ ವಲಸೆ ಕೋರ್ಟಿಗೆ ಹೋಗುತ್ತದೆ. ಆದ್ದರಿಂದ ಈ ತಿಂಗಳೇ ವಕೀಲರನ್ನು ನೋಡಿ. ನ್ಯೂಜೆರ್ಸಿಯಲ್ಲಿ ಒಂದು ವರ್ಷದ ವಾಸ ಆಗಿರುವುದರಿಂದ, ಆರು ತಿಂಗಳಿಂದ ಹೊಂದಾಣಿಕೆ ಸಾಧ್ಯವಾಗಿಲ್ಲ ಎಂಬ ಆಧಾರದ ಮೇಲೆ ಅಲ್ಲೇ ಕೇಸು ಹಾಕಬಹುದು.

ಸಾಕ್ಷ್ಯವನ್ನು ಇವತ್ತೇ ಕಲೆಹಾಕಲು ಶುರುಮಾಡಿ. ಸಂಸಾರ ಚೆನ್ನಾಗಿತ್ತೇ ಎಂದು ಯಾರೂ ಕೇಳುವುದಿಲ್ಲ, ಒಟ್ಟಿಗೆ ಬಾಳುವ ಉದ್ದೇಶದಿಂದ ಮದುವೆಯಾದಿರಾ ಎಂದು ನೋಡುತ್ತಾರೆ. ಜಾಯಿಂಟ್ ಅಕೌಂಟಿನ ಪ್ರತಿ ತಿಂಗಳ ಸ್ಟೇಟ್‌ಮೆಂಟ್ ಮೊದಲಿನಿಂದ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಕೌಂಟ್ ಮುಚ್ಚಿಹೋದರೆ ಆಮೇಲೆ ಪರದಾಡಬೇಕಾಗುತ್ತದೆ. ಬಾಡಿಗೆ, ಕರೆಂಟು, ದಿನಸಿ ಅದರಿಂದಲೇ ಹೋಗಿರುವ ಪುಟಗಳಿಗೆ ಬೆಲೆ ಜಾಸ್ತಿ. ಇಬ್ಬರ ಹೆಸರಿದ್ದೂ ವ್ಯವಹಾರವೇ ಇಲ್ಲದ ಖಾತೆ ಹೆಚ್ಚೇನೂ ಹೇಳುವುದಿಲ್ಲ. ಇಬ್ಬರ ಹೆಸರಿನ ಲೀಸ್, ವಿಮೆ, ತೆರಿಗೆಯ ಟ್ರಾನ್‌ಸ್ಕ್ರಿಪ್ಟ್ (ತೆರಿಗೆ ಇಲಾಖೆ ಕೊಡುವ ರಿಟರ್ನಿನ ದಾಖಲೆ) ಜೊತೆಗಿರಲಿ. ಮುನ್ನೂರು ಮದುವೆ ಫೋಟೋಗಿಂತ, ಬೇರೆ ಬೇರೆ ತಿಂಗಳಲ್ಲಿ ಬಂಧುಗಳ ಜೊತೆ ತೆಗೆದ ಹದಿನೈದು ಮೇಲು. ಇಬ್ಬರು ಪರಿಚಿತರಿಂದ ಅಫಿಡವಿಟ್ ಬರೆಸಿ. ‘ಒಳ್ಳೆಯ ದಂಪತಿ’ ಎಂಬ ಹೊಗಳಿಕೆ ಬೇಡ, ಯಾವಾಗ, ಎಲ್ಲಿ, ಏನು ಕಂಡರು ಎಂದಿರಲಿ. ಕೌನ್ಸೆಲಿಂಗಿಗೆ ಹೋಗಿದ್ದರೆ ಆ ಬಿಲ್ಲು ಬಚ್ಚಿಡಬೇಡಿ. ಮದುವೆ ಉಳಿಸಲು ಪ್ರಯತ್ನಪಟ್ಟಿರಿ ಎನ್ನುವುದಕ್ಕೆ ಅದು ಗಟ್ಟಿ ಪುರಾವೆ.

ಹಲವರು ಎಡವುವುದು ತೆರಿಗೆಯಲ್ಲಿ. ಡಿಸೆಂಬರ್ 31ಕ್ಕೆ ಡಿಕ್ರಿ ಬಂದಿರದಿದ್ದರೆ ನೀವು ವಿವಾಹಿತರೇ. ‘ಸಿಂಗಲ್’ ಎಂದು ಬರೆಯಬೇಡಿ, ‘ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ’ (ವಿವಾಹಿತರು, ರಿಟರ್ನ್ ಪ್ರತ್ಯೇಕ) ಎಂದು ಹಾಕಿ. ನೀವು ಮನೆ ಬದಲಿಸಿದರೆ ಹತ್ತು ದಿನದೊಳಗೆ ಎಆರ್-11 ಫಾರ್ಮಿನ ಮೂಲಕ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಿ. ಪತ್ರ ಹಳೆಯ ಮನೆಗೆ ಹೋದರೆ ಗಡುವು ಗೊತ್ತಿಲ್ಲದೆಯೇ ದಾಟಿಹೋಗುತ್ತದೆ. ಗಂಡ ಮನಸ್ಸು ಬದಲಿಸಿ ಜಂಟಿ ಅರ್ಜಿಗೆ ಸಹಿ ಹಾಕುತ್ತೇನೆಂದರೆ ಹಾಕಲಿ, ಬೇರೆ ಇದ್ದ ಮಾತ್ರಕ್ಕೆ ಅದು ತಪ್ಪಾಗುವುದಿಲ್ಲ. ಆದರೆ ಒಂದೇ ಮನೆಯಲ್ಲಿದ್ದೇವೆ ಎಂದು ಬರೆದು ಸುಳ್ಳು ಹೇಳಬೇಡಿ.

ಊರಿಗೆ ಬರುವ ಸಲಹೆ ನನಗೆ ಸರಿಕಾಣುವುದಿಲ್ಲ. ಇಲ್ಲಿ ಪರಸ್ಪರ ಒಪ್ಪಿಗೆಯ ಡೈವೋರ್ಸಿಗೂ ಹಿಂದೂ ವಿವಾಹ ಕಾಯ್ದೆಯಂತೆ ಒಂದು ವರ್ಷ ಬೇರೆ ಇದ್ದಿರಬೇಕು, ನಿಮಗಾಗಿರುವುದು ಎರಡು ತಿಂಗಳು. ಮರುಪ್ರವೇಶದ ಪರ್ಮಿಟ್ ಇಲ್ಲದೆ ಒಂದು ವರ್ಷ ಮೀರಿ ಹೊರಗಿದ್ದರೆ ಕಾರ್ಡಿಗೇ ಕುತ್ತು. ಇನ್ನು ಅಮೆರಿಕದ ಡಿಕ್ರಿ ಇಲ್ಲಿ ಚಲಾವಣೆಯಾಗಬೇಕಾದರೆ ಇಬ್ಬರೂ ಆ ಕೋರ್ಟಿನ ಅಧಿಕಾರ ಒಪ್ಪಿ ಭಾಗವಹಿಸಿರುವುದು ಮುಖ್ಯ. ಸುಪ್ರೀಂ ಕೋರ್ಟ್ 1991ರಲ್ಲೇ ಇದನ್ನು ಹೇಳಿದೆ. ಗಂಡನ ಒಪ್ಪಿಗೆ ದಾಖಲೆಯಲ್ಲಿ ಬರುವಂತೆ ವಕೀಲರಿಗೆ ಹೇಳಿ.

ಪೌರತ್ವಕ್ಕೆ ಮೂರು ವರ್ಷದ ದಾರಿ ಒಟ್ಟಿಗಿರುವ ದಂಪತಿಗೆ ಮಾತ್ರ. ನೀವು ಐದು ವರ್ಷ ಕಾಯಬೇಕು.

ಪ್ರಶ್ನೆ: ಅಳಿಯನ ಕಂಪನಿ ಮೂಲಕ ಮಗಳಿಗೂ ಹತ್ತು ವರ್ಷದ ಗ್ರೀನ್ ಕಾರ್ಡ್ ಬಂದಿದೆ. ಈಗ ಬೇರೆಯಾದರೆ ತೊಂದರೆಯೇ?

ಉತ್ತರ: ಇಲ್ಲ. ಆ ಕಾರ್ಡಿಗೆ ಷರತ್ತು ಇಲ್ಲ, ಐ-751 ಬೇಕಿಲ್ಲ, ಅವಧಿ ಮುಗಿದಾಗ ಐ-90 ಹಾಕಿ ಹೊಸದು ಪಡೆದರಾಯಿತು. ಪೌರತ್ವದ ಸಂದರ್ಶನದಲ್ಲಿ ಒಂದನ್ನು ನೋಡಬಹುದು: ಕಾರ್ಡ್ ಮಂಜೂರಾದ ದಿನ ಮದುವೆ ಊರ್ಜಿತದಲ್ಲಿತ್ತೇ ಎಂದು. ಕಾರ್ಡಿನ ಮೇಲೆ ‘ರೆಸಿಡೆಂಟ್ ಸಿನ್ಸ್’ ಎಂದು ಅಚ್ಚಾಗಿರುವ ದಿನಾಂಕಕ್ಕಿಂತ ಡಿಕ್ರಿಯ ದಿನಾಂಕ ಮುಂಚಿನದಾಗಿರಬಾರದು, ಅಷ್ಟೇ.