ಬೀಜಿಂಗ್, ಷಿಯಾನ್, ಸಾನ್ಯಾ: ವಯಸ್ಸಾದ ತಂದೆ ತಾಯಿಯನ್ನು ಪ್ಯಾಕೇಜ್ ಪ್ರವಾಸದಲ್ಲಿ ಕರೆದೊಯ್ಯಬಹುದೇ?

ನೀವು ಕೇಳಿರುವುದು ಇಷ್ಟು: ಅರವತ್ತೈದು ದಾಟಿದ, ಸಸ್ಯಾಹಾರಿಗಳಾದ ತಂದೆ ತಾಯಿ, ಮಾರ್ಗದರ್ಶಿ ಸಹಿತ 12 ದಿನಗಳ ಪ್ಯಾಕೇಜ್, ಬೀಜಿಂಗ್, ಷಿಯಾನ್, ಗುಯಿಲಿನ್, ಶಾಂಘೈ ಮುಗಿಸಿ ಕೊನೆಗೆ ಹೈನಾನ್ ದ್ವೀಪದ ಸಾನ್ಯಾದಲ್ಲಿ ಎರಡು ರಾತ್ರಿ ಸಮುದ್ರತೀರ, ಜನವರಿ ಕೊನೆಯಲ್ಲಿ ಹೊರಟರೆ ರಿಯಾಯಿತಿ. ಹೋಗಬಹುದೇ?

ಖಂಡಿತ ಹೋಗಿ. ಆದರೆ ಈ ಪಟ್ಟಿ ಹಿಡಿದು ಹೋಗಬೇಡಿ. ಗುಯಿಲಿನ್ ಮತ್ತು ಶಾಂಘೈ ಎರಡನ್ನೂ ತೆಗೆಸಿ, ಆ ದಿನಗಳನ್ನು ಉಳಿದ ಮೂರು ಊರುಗಳಿಗೆ ಹಂಚಿ. ಮಾರ್ಗದರ್ಶಿಗೆಂದು ಎತ್ತಿಟ್ಟ ಹಣವನ್ನೆಲ್ಲ ಬೀಜಿಂಗ್ ಮತ್ತು ಷಿಯಾನ್‌ನಲ್ಲಿ ಖರ್ಚು ಮಾಡಿ. ಸಮುದ್ರದ ದಂಡೆಯಲ್ಲಿ ಮಾರ್ಗದರ್ಶಿಯ ಅಗತ್ಯವಿಲ್ಲ. ಜನವರಿಯನ್ನಂತೂ ಬದಲಿಸಲೇಬೇಕು.

ನಾನು ಕೆಲಸದ ನಿಮಿತ್ತ ಗುವಾಂಗ್ಝೌನಲ್ಲಿ ಕೆಲವು ವರ್ಷ ಇದ್ದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಇದೇ ದಾರಿಯಲ್ಲಿ, ಮೊದಲರ್ಧ ಗುಂಪಿನೊಂದಿಗೂ ಉಳಿದರ್ಧ ನಾವೇ ನಾವಾಗಿಯೂ ತಿರುಗಿದೆವು. ಮುಂದೆ ಹೇಳುವುದೆಲ್ಲ ಆ ಅನುಭವದಿಂದ ಬಂದದ್ದು.

ಮೊದಲು ಹವಾಮಾನ. ಬೀಜಿಂಗ್ ಮತ್ತು ಸಾನ್ಯಾ ಒಂದೇ ದೇಶದಲ್ಲಿದ್ದರೂ ಎರಡರ ನಡುವೆ ಸುಮಾರು ನಾಲ್ಕು ಗಂಟೆಯ ವಿಮಾನ ಪ್ರಯಾಣವಿದೆ. ಸಾನ್ಯಾ ಇರುವುದು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಮ್ಮ ಬೀದರ್‌ಗಿಂತ ತುಸು ಮೇಲೆ, ಅಷ್ಟೆ. ಜನವರಿಯಲ್ಲಿ ಅಲ್ಲಿ ಹತ್ತಿಯ ಅಂಗಿ ಸಾಕು. ಅದೇ ಹೊತ್ತಿಗೆ ಬೀಜಿಂಗ್‌ನಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಮಹಾಗೋಡೆಯ ಮೇಲೆ ಬೀಸುವ ಗಾಳಿಗೆ ಮಂಡಿನೋವಿನವರು ಹತ್ತು ನಿಮಿಷ ನಿಲ್ಲಲಾರರು. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಹೋಗೋಣವೆಂದರೆ ಹೈನಾನ್‌ನಲ್ಲಿ ಸೆಕೆ, ಮಳೆ, ಜೊತೆಗೆ ಚಂಡಮಾರುತದ ಕಾಲ. ಎರಡೂ ಕಡೆ ಹಿತವಾಗಿರುವ ಕಿಂಡಿ ವರ್ಷದಲ್ಲಿ ಎರಡೇ: ಅಕ್ಟೋಬರ್ ಎರಡನೆಯ ವಾರದಿಂದ ನವೆಂಬರ್ ಮಧ್ಯದವರೆಗೆ, ಮತ್ತು ಮಾರ್ಚ್ ಕೊನೆಯಿಂದ ಏಪ್ರಿಲ್ ಪೂರ್ತಿ. ಅಕ್ಟೋಬರ್ ಮೊದಲ ವಾರ ರಾಷ್ಟ್ರೀಯ ರಜೆ, ಮೇ ಮೊದಲ ವಾರ ಕಾರ್ಮಿಕ ದಿನದ ರಜೆ. ಆ ದಿನಗಳಲ್ಲಿ ಇಡೀ ಚೀನಾ ಪ್ರವಾಸದಲ್ಲಿರುತ್ತದೆ. ಜನವರಿ ಕೊನೆಯಲ್ಲಿ ಇಲ್ಲವೇ ಫೆಬ್ರುವರಿಯಲ್ಲಿ ಚಾಂದ್ರಮಾನ ಹೊಸ ವರ್ಷ ಬರುತ್ತದೆ. ಉತ್ತರದ ಚಳಿಯಿಂದ ತಪ್ಪಿಸಿಕೊಂಡು ಬರುವವರಿಂದ ಸಾನ್ಯಾದ ಹೋಟೆಲುಗಳ ದರ ಗಗನಕ್ಕೇರುತ್ತದೆ. ನಿಮಗೆ ತೋರಿಸಿರುವ ರಿಯಾಯಿತಿ ಬೀಜಿಂಗ್‌ನ ಚಳಿಗಾಲದ ರಿಯಾಯಿತಿಯಷ್ಟೇ.

ಇನ್ನು ಮಾರ್ಗದರ್ಶಿಯ ವಿಷಯ. ಬೀಜಿಂಗ್‌ನ ಅರಮನೆ, ಅಂದರೆ ನಿಷೇಧಿತ ನಗರಿಗೆ ಹೋಗಿ ಸುಮ್ಮನೆ ಟಿಕೆಟ್ ಕೊಳ್ಳಲು ಬರುವುದಿಲ್ಲ. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮೊದಲೇ ಕಾಯ್ದಿರಿಸಬೇಕು. ಏಳು ದಿನ ಮುಂಚೆ ತೆರೆಯುವ ಟಿಕೆಟುಗಳು ಜನದಟ್ಟಣೆಯ ಕಾಲದಲ್ಲಿ ಬೇಗನೆ ಮುಗಿದುಹೋಗುತ್ತವೆ. ಸೋಮವಾರ ಅರಮನೆಗೆ ರಜೆ. ಈ ತಲೆನೋವನ್ನು ಮಾರ್ಗದರ್ಶಿ ನೋಡಿಕೊಳ್ಳುತ್ತಾರೆ ಎನ್ನುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ, ಎಲ್ಲಿ ನಿಲ್ಲಬೇಕೆಂದು ಅವರು ಹೇಳುವುದು. 1406ರಲ್ಲಿ ಕೆಲಸ ಹಿಡಿದು 1420ರಲ್ಲಿ ಮುಗಿಸಿದ ಈ ಅರಮನೆಯಲ್ಲಿ ಮಿಂಗ್ ಮತ್ತು ಚಿಂಗ್ ವಂಶಗಳ 24 ಚಕ್ರವರ್ತಿಗಳು ಆಳಿದರು. ಆವರಣ 72 ಹೆಕ್ಟೇರ್. ಒಂದು ಅಂಗಳ ದಾಟಿದರೆ ಇನ್ನೊಂದು ಅಂಗಳ, ಮತ್ತೊಂದು ಕೆಂಪು ಗೋಡೆ, ಮತ್ತೊಂದು ಹಳದಿ ಹೆಂಚಿನ ಮಾಡು. ಹೇಳುವವರಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕಣ್ಣು ಸೋಲುತ್ತದೆ.

ನಮಗೆ ಸಿಕ್ಕ ಮಾರ್ಗದರ್ಶಿ ಮಧ್ಯವಯಸ್ಸಿನ ಹೆಂಗಸು, ಇತಿಹಾಸ ಓದಿದವರು. ಮೂರನೆಯ ದೊಡ್ಡ ಸಭಾಂಗಣದ ಹಿಂಭಾಗಕ್ಕೆ ಕರೆದೊಯ್ದು ಮೆಟ್ಟಿಲುಗಳ ನಡುವೆ ಮಲಗಿರುವ ಒಂದು ಕಲ್ಲನ್ನು ತೋರಿಸಿದರು. 16 ಮೀಟರಿಗೂ ಉದ್ದದ ಒಂದೇ ಬಂಡೆ, 200 ಟನ್ನಿಗೂ ಹೆಚ್ಚು ತೂಕ, ಮೈತುಂಬ ಮೋಡ ಮತ್ತು ಡ್ರ್ಯಾಗನ್‌ಗಳ ಕೆತ್ತನೆ. ನಗರದ ಹೊರಗಿನ ಕಲ್ಲುಗಣಿಯಿಂದ ಇಂಥ ಬಂಡೆಗಳನ್ನು ತರಲು ಚಳಿಗಾಲಕ್ಕಾಗಿ ಕಾಯುತ್ತಿದ್ದರಂತೆ. ದಾರಿಯುದ್ದಕ್ಕೂ ಬಾವಿ ತೋಡಿ, ನೀರು ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆ ಎಳೆದು ತರುವುದು. ಅಮ್ಮ ಆ ಕಟಕಟೆ ಹಿಡಿದು ನಿಂತವರು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಅದೇ ಜಾಗದಲ್ಲಿ ನಲವತ್ತು ಜನರ ಇನ್ನೊಂದು ಗುಂಪು ಬಾವುಟದ ಹಿಂದೆ ಓಡುತ್ತಾ, ಕಲ್ಲಿನ ಕಡೆ ನೋಡದೆ ದಾಟಿಹೋಯಿತು. ಆದ್ದರಿಂದ ಕಂಪನಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಹೋಟೆಲಿಗೆ ಎಷ್ಟು ನಕ್ಷತ್ರ ಎನ್ನುವುದಲ್ಲ, ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ ಎನ್ನುವುದು. ಹದಿನೈದಕ್ಕಿಂತ ಹೆಚ್ಚೆಂದರೆ ಬೇಡ. ನೀವು ನಾಲ್ಕು ಜನರಿದ್ದರೆ ಈ ಎರಡು ಊರುಗಳಿಗೆ ಖಾಸಗಿ ಮಾರ್ಗದರ್ಶಿ ಮತ್ತು ವಾಹನದ ದರವನ್ನೂ ಕೇಳಿ ನೋಡಿ. ತಲೆಗೆ ಹಂಚಿದಾಗ ನೀವು ಅಂದುಕೊಂಡಷ್ಟು ವ್ಯತ್ಯಾಸ ಬರದಿರಬಹುದು.

ಮಹಾಗೋಡೆ ನೋಡಲು ಬಾದಾಲಿಂಗ್ ಎಂಬ ಭಾಗದ ಬದಲು ಮುಟಿಯಾನ್ಯು ಎಂಬ ಭಾಗಕ್ಕೆ ಕರೆದೊಯ್ಯಲು ಹೇಳಿ. ಜನ ಕಡಿಮೆ, ಸುತ್ತ ಕಾಡು, ಮತ್ತು ಕೇಬಲ್ ಕಾರ್ ನೇರವಾಗಿ ಹದಿನಾಲ್ಕನೆಯ ಕಾವಲು ಗೋಪುರದ ಬಳಿ ಇಳಿಸುತ್ತದೆ. ಅಲ್ಲಿಂದ ಎರಡು ಗೋಪುರದಷ್ಟು ದೂರ ನಿಧಾನವಾಗಿ ನಡೆದು ಬಂದರೆ ಹಿರಿಯರಿಗೆ ಅದೇ ಸಾಕು. ಮೆಟ್ಟಿಲುಗಳ ಎತ್ತರ ಒಂದರಂತೆ ಒಂದಿಲ್ಲ; ಊರುಗೋಲು ಜೊತೆಗಿರಲಿ.

ಬೀಜಿಂಗ್‌ನಿಂದ ಷಿಯಾನ್‌ಗೆ ವಿಮಾನ ಬೇಡ, ಹಗಲಿನ ಹೈಸ್ಪೀಡ್ ರೈಲು ಹಿಡಿಯಿರಿ. ಹೆಚ್ಚುಕಡಿಮೆ ಐದು ಗಂಟೆ, ಕಾಲು ಚಾಚಿ ಕೂರಬಹುದು, ಹಿರಿಯರಿಗೆ ಅದೇ ವಿಶ್ರಾಂತಿ.

ಷಿಯಾನ್ ಎಂದರೆ ಎಲ್ಲರಿಗೂ ನೆನಪಾಗುವುದು ಜೇಡಿಮಣ್ಣಿನ ಸೈನ್ಯ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು, ಕ್ರಿ.ಪೂ. 221ರಲ್ಲಿ ಚೀನಾವನ್ನು ಒಗ್ಗೂಡಿಸಿದ ಚಿನ್ ಷಿ ಹುವಾಂಗ್ ಚಕ್ರವರ್ತಿಯ ಸಮಾಧಿಯ ಕಾವಲಿಗೆ ನಿಂತದ್ದು. ಮೊದಲ ಗುಂಡಿಯ ಮೇಲಿನ ಕಟ್ಟೆಯಿಂದ ಸಾಲು ಸಾಲು ಸೈನಿಕರನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಗಾಜಿನ ಪೆಟ್ಟಿಗೆಯಲ್ಲಿ ಹತ್ತಿರದಿಂದ ನೋಡಬಹುದಾದ, ಮಂಡಿಯೂರಿದ ಬಿಲ್ಲುಗಾರ. ಅವನ ಹಿಂದಕ್ಕೆ ಹೋಗಿ ಬಗ್ಗಿ ನೋಡಿ. ನೆಲದಿಂದ ಎದ್ದ ಬಲಗಾಲಿನ ಪಾದರಕ್ಷೆಯ ಅಟ್ಟೆಯಲ್ಲಿ ಹೊಲಿಗೆಯ ಚುಕ್ಕೆಗಳಿವೆ; ಬೆರಳು ಮತ್ತು ಹಿಮ್ಮಡಿಯ ಕಡೆ ಒತ್ತಾಗಿ, ನಡುವೆ ವಿರಳವಾಗಿ. ಮಣ್ಣಿನೊಳಗೆ ಹೂತುಹೋಗುವ ಗೊಂಬೆ, ಯಾರೂ ನೋಡದ ಅಟ್ಟೆ, ಅದಕ್ಕೂ ಅಷ್ಟು ಶ್ರದ್ಧೆ! ಆ ಕೈಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಕನ್ನಡಿಗರು ತಪ್ಪಿಸಬಾರದ ಇನ್ನೊಂದು ಜಾಗ ಅಲ್ಲಿದೆ. ಮಹಾ ಕಾಡುಬಾತು ಪಗೋಡ ಎಂದು ಕರೆಯುವ, ಏಳು ಅಂತಸ್ತಿನ ಇಟ್ಟಿಗೆ ಗೋಪುರ. ನಾವು ಶಾಲೆಯಲ್ಲಿ ಓದಿದ ಹ್ಯೂಯೆನ್‌ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನೂ ವಿಗ್ರಹಗಳನ್ನೂ ಕಾಪಾಡಲು 652ರಲ್ಲಿ ಇದನ್ನು ಕಟ್ಟಿದರು. ಮುಂದೆ ಅರ್ಧ ಶತಮಾನದಲ್ಲಿ ಮತ್ತೆ ಕಟ್ಟಿಸಲಾಯಿತು. ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದು, ಅವನ ಪರಾಕ್ರಮವನ್ನೂ, ಉಪಕಾರ ಮರೆಯದ, ಅವಮಾನ ಸಹಿಸದ ಅವನ ಪ್ರಜೆಗಳ ಸ್ವಭಾವವನ್ನೂ ಬರೆದಿಟ್ಟವನು ಇದೇ ಯಾತ್ರಿಕ. ಬಾದಾಮಿಯ ಚಾಲುಕ್ಯರ ಬಗ್ಗೆ ಒಬ್ಬ ಹೊರಗಿನವನ ಕಣ್ಣಿನ ಸಾಕ್ಷ್ಯ ನಮಗೆ ಉಳಿದಿರುವುದು ಅವನಿಂದ. ಅನೇಕ ಪ್ಯಾಕೇಜುಗಳಲ್ಲಿ ಇದನ್ನು ಬಸ್ಸಿನ ಕಿಟಕಿಯಿಂದ ತೋರಿಸಿ ಮುಗಿಸುತ್ತಾರೆ. ಒಳಗೆ ಹೋಗಲು ಎರಡು ಗಂಟೆ ಬೇಕೆಂದು ಬರೆಸಿಕೊಳ್ಳಿ.

ಈ ಬರೆಸಿಕೊಳ್ಳುವ ಮಾತು ಬಂದಾಗಲೇ ಅಂಗಡಿಗಳ ಬಗ್ಗೆ ಹೇಳಿಬಿಡುತ್ತೇನೆ. ಅಗ್ಗದ ಪ್ಯಾಕೇಜಿನ ಲಾಭ ಬರುವುದು ಅಂಗಡಿಯ ಕಮಿಷನ್ನಿನಿಂದ. ರೇಷ್ಮೆ ಕಾರ್ಖಾನೆ, ಜೇಡ್ ಎಂಬ ಹಸಿರು ಕಲ್ಲಿನ ಮಳಿಗೆ, ಚಹಾ ಮನೆ, ನಾಡಿ ಹಿಡಿದು ಗಿಡಮೂಲಿಕೆ ಮಾರುವ ವೈದ್ಯರು. ನಮ್ಮ ಗುಂಪಿನ ಒಂದು ಒಳ್ಳೆಯ ಮಧ್ಯಾಹ್ನ ಹೀಗೆಯೇ ಹೋಯಿತು, ನನಗೆ ಇವತ್ತಿಗೂ ಅದರ ಸಿಟ್ಟಿದೆ. ಅತಿ ಕಡಿಮೆ ದರದ ಆಮಿಷವೊಡ್ಡಿ ಹೀಗೆ ಅಂಗಡಿಗೆ ಕರೆದೊಯ್ದು ಕಮಿಷನ್ ಪಡೆಯುವುದನ್ನು ಚೀನಾದ 2013ರ ಪ್ರವಾಸೋದ್ಯಮ ಕಾನೂನು ನಿಷೇಧಿಸಿದೆ. ಆದ್ದರಿಂದ ‘ಖರೀದಿಯ ನಿಲುಗಡೆ ಇಲ್ಲ’ ಎಂಬ ಸಾಲು ನಿಮ್ಮ ಒಪ್ಪಂದದಲ್ಲಿ ಇರಲಿ ಎಂದು ಸಂಕೋಚವಿಲ್ಲದೆ ಕೇಳಿ.

ಊಟಕ್ಕೆ ಹೆದರಬೇಡಿ. ಪ್ರತಿ ರಾತ್ರಿ ಭಾರತೀಯ ಊಟ ಎಂದು ಪಟ್ಟಿಯಲ್ಲಿದ್ದರೆ ಸಂತೋಷಪಡಬೇಡಿ. ಆ ಹೋಟೆಲ್ ಊರಿನ ಇನ್ನೊಂದು ಮೂಲೆಯಲ್ಲಿದ್ದರೆ ಸಂಜೆಯೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ. ಎರಡು ದಿನಕ್ಕೊಮ್ಮೆ ಸಾಕು. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಸಿಂಪಿಯ ಸಾಸ್ ಯಾವುದೂ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ. ‘ವೋ ಚ್ರ್ ಸು’, ನಾನು ಸಸ್ಯಾಹಾರಿ, ಎಂದು ಹೇಳಿ ಚೀಟಿ ತೋರಿಸಿದರೆ ತರಕಾರಿ, ತೋಫು, ಅನ್ನ ಮಾಡಿಕೊಡುತ್ತಾರೆ. ಷಿಯಾನ್‌ನಲ್ಲಿ ಲಿಯಾಂಗ್‌ಪಿ ತಿನ್ನಿಸಿ: ತಣ್ಣನೆಯ ಅಗಲ ಶ್ಯಾವಿಗೆ, ಮೇಲೆ ವಿನಿಗರ್, ಬೆಳ್ಳುಳ್ಳಿ, ಮೆಣಸಿನ ಎಣ್ಣೆ. ಖಾರ ಪ್ರಿಯವಾದ ಅಪ್ಪ ಎರಡನೆಯ ಬಟ್ಟಲು ಕೇಳಿದರು. ಬೌದ್ಧ ದೇವಾಲಯಗಳ ಆಸುಪಾಸಿನಲ್ಲಿ ಶುದ್ಧ ಸಸ್ಯಾಹಾರದ ಊಟದ ಮನೆಗಳಿರುತ್ತವೆ.

ಈಗ ಸಾನ್ಯಾ. ಷಿಯಾನ್‌ನಿಂದ ಮೂರು ಗಂಟೆಯ ವಿಮಾನ. ಇಲ್ಲಿಗೆ ಕೊನೆಯಲ್ಲೇ ಬರಬೇಕು, ಮತ್ತು ಎರಡು ರಾತ್ರಿ ಸಾಲದು, ನಾಲ್ಕಾದರೂ ಬೇಕು. ಹಿರಿಯರಿಗೆ ಯಾಲೋಂಗ್ ಕೊಲ್ಲಿ ವಾಸಿ: ಏಳು ಕಿಲೋಮೀಟರಿಗೂ ಉದ್ದದ ಬಿಳಿ ಮರಳು, ಬೆಟ್ಟಗಳ ಮರೆಯಲ್ಲಿರುವ ಶಾಂತ ನೀರು. ಹೈತಾಂಗ್ ಕೊಲ್ಲಿಯಲ್ಲಿ ಹೋಟೆಲುಗಳು ಭರ್ಜರಿಯಾಗಿವೆ, ಆದರೆ ಅಲೆಗಳ ಸೆಳೆತ ಜೋರು, ಈಜಲು ತಕ್ಕದ್ದಲ್ಲ. ದಾದೋಂಗ್‌ಹೈ ಊರೊಳಗಿದೆ, ಗದ್ದಲವಿದ್ದರೂ ಅಂಗಡಿ ಮುಂಗಟ್ಟು ಹತ್ತಿರ. ನಾನ್‌ಷಾನ್‌ನಲ್ಲಿ ಸಮುದ್ರದಲ್ಲಿ ನಿಂತಿರುವ ಗುವಾನ್‌ಯಿನ್, ಅಂದರೆ ಅವಲೋಕಿತೇಶ್ವರನ ಸ್ತ್ರೀರೂಪದ ಪ್ರತಿಮೆಯಿದೆ. 108 ಮೀಟರ್ ಎತ್ತರ, ಮೂರು ಮುಖ. 2005ರಲ್ಲಿ ಪೂರ್ಣಗೊಂಡದ್ದು, ಪುರಾತನವೇನಲ್ಲ. ಆದರೂ ಅರ್ಧ ದಿನ ಕೊಡಿ, ಅಲ್ಲಿನ ಸಸ್ಯಾಹಾರಿ ಊಟಕ್ಕಾಗಿಯಾದರೂ.

ಪ್ಯಾಕೇಜಿನವರು ಹೈನಾನ್ ಅನ್ನು ಬರೀ ಮರಳು ಮತ್ತು ಈಜುಕೊಳವೆಂದು ಮಾರುತ್ತಾರೆ. ಅದು ಆ ದ್ವೀಪಕ್ಕೆ ಮಾಡುವ ಅನ್ಯಾಯ. ಚಕ್ರವರ್ತಿಗಳಿಗೆ ಬೇಡವಾದ ಅಧಿಕಾರಿಗಳನ್ನು ಗಡೀಪಾರು ಮಾಡುತ್ತಿದ್ದ ಭೂಮಿಯ ಅಂಚು ಅದು. ಮಹಾಕವಿ ಸು ದೋಂಗ್‌ಪೋನನ್ನು 1097ರಲ್ಲಿ ಅಟ್ಟಿದ್ದು ಇದೇ ದ್ವೀಪದ ದಾನ್‌ಝೌಗೆ. ಇಲ್ಲಿನ ಮೂಲನಿವಾಸಿಗಳು ಲೀ ಜನ. ಅವರ ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕುಳಿತು, ಮಗ್ಗದ ಒಂದು ತುದಿಯನ್ನು ಪಾದದಿಂದ ಒತ್ತಿ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯುತ್ತಾರೆ. ತುರ್ತಾಗಿ ಉಳಿಸಿಕೊಳ್ಳಬೇಕಾದ ಕಲೆಗಳ ಪಟ್ಟಿಗೆ ಯುನೆಸ್ಕೊ ಅದನ್ನು 2009ರಲ್ಲಿ ಸೇರಿಸಿತು. ಹದಿಮೂರನೆಯ ಶತಮಾನದಲ್ಲಿ ಹುವಾಂಗ್ ದಾವೋಪೋ ಎಂಬ ಹೆಂಗಸು ಇಲ್ಲಿ ಹತ್ತಿ ನೂಲುವ, ನೇಯುವ ವಿದ್ಯೆ ಕಲಿತು ಇಂದಿನ ಶಾಂಘೈ ಸೀಮೆಗೆ ಒಯ್ದಳು. ಆ ಪ್ರದೇಶ ಮುಂದೆ ಬಟ್ಟೆಗೆ ಹೆಸರಾಯಿತು.

ಇದನ್ನು ನೋಡಲು ಸಾನ್ಯಾದ ಉತ್ತರಕ್ಕಿರುವ ಬಿಂಗ್‌ಲಾಂಗ್‌ಗು ಎಂಬಲ್ಲಿಗೆ ಒಂದು ದಿನ ಹೋಗಿ. ಹೆಸರೇ ಅಡಿಕೆ ಕಣಿವೆ. ನನ್ನ ಅಪ್ಪ ಸಾಗರದ ಕಡೆಯ ಅಡಿಕೆ ಬೆಳೆಗಾರರು. ಅಷ್ಟು ದಿನ ಎಲ್ಲವನ್ನೂ ಸುಮ್ಮನೆ ನೋಡುತ್ತಾ ಬಂದವರು ಅಲ್ಲಿ ತೋಟ ಕಂಡ ಕೂಡಲೇ ಒಂದು ಮರದ ಬುಡಕ್ಕೆ ಹೋಗಿ, ಗೊನೆ ನೋಡಿ, ಮರದಿಂದ ಮರಕ್ಕೆ ಹೆಜ್ಜೆ ಹಾಕಿ ಅಳೆದರು. ಬಾಗಿಲ ಬಳಿ ಕೂತಿದ್ದ ಮುದುಕಿ ಹಸಿ ಅಡಿಕೆಯನ್ನು ನಾಲ್ಕು ಹೋಳು ಮಾಡಿ, ಸುಣ್ಣ ಸವರಿದ ವೀಳ್ಯದೆಲೆ ಮಡಚಿ ಕೊಟ್ಟರು. ಅಪ್ಪ ತಮ್ಮ ಎಲೆಯಡಿಕೆ ಚೀಲ ಬಿಚ್ಚಿ ಒಣ ಅಡಿಕೆ ತೋರಿಸಿದರು. ಆಕೆ ಒಂದು ಚೂರು ಬಾಯಿಗೆ ಹಾಕಿಕೊಂಡು ತಲೆದೂಗಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಸಂಭಾಷಣೆ ಮಾತ್ರ ಕಾಲು ಗಂಟೆ ನಡೆಯಿತು. ಚೀನಾದ ಅಡಿಕೆಯೆಲ್ಲ ಬಹುಪಾಲು ಬೆಳೆಯುವುದು ಈ ದ್ವೀಪದಲ್ಲೇ. ಲೀ ಜನರ ಮದುವೆ ಮಾತುಕತೆಗೂ ಅಡಿಕೆಯೇ ಬೇಕು. ಹೋಟೆಲಿಗೆ ಬರುವ ದಾರಿಯಲ್ಲಿ ಚಿಂಗ್‌ಬುಲಿಯಾಂಗ್ ಕುಡಿಯಿರಿ: ತೆಂಗಿನ ಹಾಲಿನಲ್ಲಿ ಹೆಸರುಕಾಳು, ಕೆಸುವಿನ ಗೆಡ್ಡೆ, ಹಣ್ಣಿನ ತುಂಡು ಹಾಕಿ ತಂಪು ಮಾಡಿಕೊಡುವ, ನಮ್ಮ ಪಾಯಸವನ್ನೇ ಹೋಲುವ ಸಿಹಿ.

ಉಳಿದ ವಿಷಯ ಬೇಗ ಹೇಳುತ್ತೇನೆ. ಹೈನಾನ್‌ಗೆ ಹಲವು ದೇಶದವರು ವೀಸಾ ಇಲ್ಲದೆ ಬರಬಹುದು ಎಂಬುದನ್ನು ಓದಿ ನಂಬಬೇಡಿ. ಆ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಡುವೆ ಹಾಂಗ್‌ಕಾಂಗ್‌ಗೆ ಹೋಗಿ ಮತ್ತೆ ಚೀನಾ ಪ್ರವೇಶಿಸುವುದಿದ್ದರೆ ಎರಡು ಪ್ರವೇಶದ ವೀಸಾ ಕೇಳಿ. 2025ರ ಅಕ್ಟೋಬರ್ ಕೊನೆಯಲ್ಲಿ ಕೋಲ್ಕತ್ತ–ಗುವಾಂಗ್ಝೌ ನೇರ ವಿಮಾನ ಮತ್ತೆ ಶುರುವಾಯಿತು, ನವೆಂಬರ್‌ನಲ್ಲಿ ದೆಹಲಿಯಿಂದಲೂ. ಸಾನ್ಯಾದಿಂದ ಗುವಾಂಗ್ಝೌ ಹತ್ತಿರವಾದ್ದರಿಂದ ಮರಳುವಾಗ ಅನುಕೂಲ. ವಾಟ್ಸ್‌ಆ್ಯಪ್, ಗೂಗಲ್ ಅಲ್ಲಿನ ಸಂಪರ್ಕದಲ್ಲಿ ನಡೆಯುವುದಿಲ್ಲ. ಭಾರತದ ಸಿಮ್‌ಗೇ ರೋಮಿಂಗ್ ಹಾಕಿಸಿಕೊಂಡರೆ ನಡೆಯುತ್ತದೆ. ಅಲಿಪೇ ಎಂಬ ಮೊಬೈಲ್ ಪಾವತಿ ಆ್ಯಪ್‌ಗೆ ನಿಮ್ಮ ಕಾರ್ಡನ್ನು ಊರಿನಲ್ಲೇ ಜೋಡಿಸಿ, ಎಳನೀರು ಮಾರುವವರಿಗೂ ಅದರಲ್ಲೇ ಕೊಡಬೇಕಾಗುತ್ತದೆ.

ಕಂಪನಿಯವರು ಗುಯಿಲಿನ್, ಶಾಂಘೈ ತೆಗೆಯಲು ಒಪ್ಪದಿದ್ದರೆ, ಬೀಜಿಂಗ್–ಷಿಯಾನ್ ಮಾತ್ರ ಇರುವ ಚಿಕ್ಕ ಪ್ಯಾಕೇಜ್ ಕೊಂಡು, ಸಾನ್ಯಾದ ವಿಮಾನ ಮತ್ತು ಹೋಟೆಲನ್ನು ನೀವೇ ಕಾಯ್ದಿರಿಸಿ. ಹೊಸ ಪಟ್ಟಿ ಕೈಗೆ ಬಂದ ಮೇಲೆ ದಿನವಾರು ವಿವರವನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ನಿಮ್ಮ ತಾಯಿಗೆ ಎಷ್ಟು ದೂರ ನಡೆಯಲು ಆಗುತ್ತದೆ ಎಂಬುದನ್ನೂ ಬರೆಯಿರಿ.